ಕೂಸುಗಳು ಸರಾಸರಿ ನೋಡಿ ಹುಟ್ಟುವುದಿಲ್ಲ: ಆರೋಗ್ಯ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರಿಗೆ,

ನಮಸ್ಕಾರ.

ಉತ್ತರ ಕರ್ನಾಟಕದ ಒಂದು ಜಿಲ್ಲಾಸ್ಪತ್ರೆಯ ನವಜಾತ ಶಿಶುಗಳ ವಿಶೇಷ ಆರೈಕೆ ಘಟಕದಲ್ಲಿ, ನಮ್ಮ ಬಾಯಲ್ಲಿ ಎಸ್‌ಎನ್‌ಸಿಯುನಲ್ಲಿ, ಹನ್ನೊಂದು ವರ್ಷದಿಂದ ನರ್ಸ್ ಆಗಿದ್ದೇನೆ. ಊರಿನ ಹೆಸರು ಬರೆಯುತ್ತಿಲ್ಲ. ಬರೆದರೆ ಮೊದಲ ನೋಟಿಸ್ ಬರುವುದು ನನಗಲ್ಲ, ನಮ್ಮ ಇನ್‌ಚಾರ್ಜ್ ಸಿಸ್ಟರ್‌ಗೆ. ಅವರ ನಿವೃತ್ತಿಗೆ ಇನ್ನು ಎರಡೇ ವರ್ಷ. ಅಲ್ಲದೆ ನಾನು ಹೇಳಹೊರಟಿರುವುದು ಒಂದೇ ಆಸ್ಪತ್ರೆಯ ಸಂಗತಿಯೂ ಅಲ್ಲ.

ಈಚೆಗೆ ಒಂದು ಪರಿಶೀಲನಾ ಸಭೆಯಲ್ಲಿ ನಮ್ಮ ಘಟಕದ ಅಂಕಿ ಅಂಶ ಪರದೆಯ ಮೇಲೆ ಬಂತು. ಮಂಜೂರಾದ ಹಾಸಿಗೆ 12. ತಿಂಗಳಲ್ಲಿ ದಿನವೊಂದಕ್ಕೆ ಸರಾಸರಿ ಇದ್ದ ಮಕ್ಕಳು 12. ಪಾಳಿಗೆ ನರ್ಸ್‌ಗಳು ಮೂವರು. ಅಧಿಕಾರಿಗಳು ನೋಡಿ, "ನಾಲ್ಕು ಮಕ್ಕಳಿಗೆ ಒಬ್ಬರು, ಲೆಕ್ಕ ಸರಿಯಾಗೇ ಇದೆಯಲ್ಲ, ಮತ್ತೇನು ತಕರಾರು?" ಎಂದರು. ಇನ್‌ಚಾರ್ಜ್ ಸಿಸ್ಟರ್ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸ್ಲೈಡ್ ಬಂದಿತ್ತು.

ನಮ್ಮಪ್ಪ ಎರೆ ಹೊಲದಲ್ಲಿ ಮಳೆ ನಂಬಿ ಬಿತ್ತಿದವರು. ವರ್ಷದ ಕೊನೆಗೆ ಪೇಪರಿನಲ್ಲಿ "ಜಿಲ್ಲೆಯಲ್ಲಿ ವಾಡಿಕೆ ಮಳೆ" ಎಂದು ಬಂದರೆ ಅವ್ವನನ್ನು ಕರೆದು ಓದಿ ಹೇಳುತ್ತಿದ್ದರು: "ಕೇಳಿಲ್ಲಿ, ವಾಡಿಕಿ ಮಳಿ ಆಗೇತಂತ. ನಮ್ಮ ಹೊಲದಾಗ ಬೆಳಿ ಒಣಗಿದ್ದು ಸುಳ್ಳಂತ." ಬೇಕಾದಾಗ ಬಾರದೆ, ರಾಶಿ ಮಾಡುವ ಹೊತ್ತಿಗೆ ಎರಡು ದಿನ ಸುರಿದು ಹೋದದ್ದೂ ಸರ್ಕಾರಿ ಲೆಕ್ಕದಲ್ಲಿ ಮಳೆಯೇ ತಾನೆ. ಸಭೆ ಮುಗಿಸಿ ಬಸ್ಸಿನಲ್ಲಿ ಬರುವಾಗ ಅಪ್ಪನ ಮಾತೇ ನೆನಪಾಗುತ್ತಿತ್ತು.

ಆ ತಿಂಗಳ ಸರಾಸರಿಯೊಳಗೆ ಏನೇನು ಅಡಗಿತ್ತು ಎಂದು ಹೇಳುತ್ತೇನೆ. ಅದರಲ್ಲೊಂದು ರವಿವಾರ ರಾತ್ರಿ. ನಮ್ಮಲ್ಲಿ ಬೆಳಗಿನ ಪಾಳಿ, ಮಧ್ಯಾಹ್ನದ ಪಾಳಿ ಆರಾರು ಗಂಟೆ. ರಾತ್ರಿಯದು ಎಂಟರಿಂದ ಎಂಟರವರೆಗೆ ಪೂರಾ ಹನ್ನೆರಡು. ಕಾಗದದ ಮೇಲಿನ ಮೂವರಲ್ಲಿ ಒಬ್ಬರು ಹೆರಿಗೆ ರಜೆಯಲ್ಲಿ. ಉಳಿದವರು ನಾನು ಮತ್ತು ಸೇರಿ ನಾಲ್ಕು ತಿಂಗಳಾಗಿದ್ದ ಗುತ್ತಿಗೆಯ ಹುಡುಗಿ. ಪಾಳಿ ವಹಿಸಿಕೊಂಡಾಗ ಒಂಬತ್ತು ಮಕ್ಕಳಿದ್ದರು. ಹತ್ತೂವರೆಗೆ ತಾಲ್ಲೂಕು ಆಸ್ಪತ್ರೆಯಿಂದ 108ರಲ್ಲಿ ಅವಳಿ ಬಂದವು, ಒಂದು 1,150 ಗ್ರಾಂ, ಇನ್ನೊಂದು 1,080. ಹನ್ನೆರಡಕ್ಕೆ ನಮ್ಮದೇ ಥಿಯೇಟರಿನಿಂದ ತಡವಾಗಿ ಅತ್ತ ಒಂದು ಕೂಸು. ಆಮೇಲೆ ಖಾಸಗಿ ನರ್ಸಿಂಗ್ ಹೋಮಿನಿಂದ ಮೈಯೆಲ್ಲ ಹಳದಿಯಾದ ನಾಲ್ಕು ದಿನದ ಮಗು. ಅಲ್ಲಿ ಕಟ್ಟಿದ್ದ ದುಡ್ಡು ಮುಗಿದಿತ್ತು. ಲೇಬರ್ ವಾರ್ಡಿನಿಂದ ಇನ್ನೆರಡು. ನಾಲ್ಕು ಗಂಟೆಯ ಸುಮಾರಿಗೆ ಒಂದು ತಾಂಡಾದಿಂದ ಅಜ್ಜಿಯೊಬ್ಬಳು ಮೂರು ದಿನದ ಮೊಮ್ಮಗನನ್ನು ಕೌದಿಯಲ್ಲಿ ಸುತ್ತಿ ತಂದಳು. ಬಿಚ್ಚಿ ನೋಡಿದರೆ ಮೈ ತಣ್ಣಗೆ, ಥರ್ಮಾಮೀಟರ್ 34 ಡಿಗ್ರಿ ಸೆಲ್ಸಿಯಸ್ ತೋರಿಸಿತು.

ಅಲ್ಲಿಗೆ ಹದಿನಾರು. ಕೂಸನ್ನು ಬೆಚ್ಚಗಿಡುವ ವಾರ್ಮರ್ ಇರುವುದು ಹನ್ನೆರಡು. ನಾಲ್ಕರಲ್ಲಿ ಇಬ್ಬಿಬ್ಬರನ್ನು ಮಲಗಿಸಿದೆವು. ಅವಳಿಗಳನ್ನು ಒಟ್ಟಿಗಿಡಲು ಮನಸ್ಸು ಒಪ್ಪುತ್ತದೆ. ಸೋಂಕಿನ ಕೂಸಿನ ಪಕ್ಕ ಮತ್ತೊಬ್ಬರ ಕೂಸನ್ನು ಇಡುವಾಗ ಕೈ ಹಿಂಜರಿಯುತ್ತದೆ. ಇಟ್ಟೆವು. ಕರ್ತವ್ಯದಲ್ಲಿದ್ದ ಡಾಕ್ಟರು ಒಬ್ಬರೇ, ಅವರನ್ನು ಲೇಬರ್ ವಾರ್ಡ್, ಮಕ್ಕಳ ವಾರ್ಡ್ ಎರಡೂ ಕಡೆಯಿಂದ ಕರೆಯುತ್ತಿದ್ದರು.

ಹದಿನಾರು ಮಕ್ಕಳಿಗೆ ಇಬ್ಬರು ಎಂದರೆ ತಲಾ ಎಂಟು. ಎಂಟು ಏನು ಮಹಾ ಎನ್ನುವವರಿಗೆ ಒಂದು ಲೆಕ್ಕ ಹೇಳುತ್ತೇನೆ. ತೂಕ ಕಡಿಮೆ ಇರುವ ಕೂಸಿಗೆ ಎರಡು ಗಂಟೆಗೊಮ್ಮೆ ಹಾಲು. ಎಳೆದು ಕುಡಿಯಲು ಬಾರದ ಕೂಸಿಗೆ ಪಾಲಾಡೆ ಎಂಬ ಮೂತಿಯಿರುವ ಪುಟ್ಟ ಬಟ್ಟಲಲ್ಲಿ ಹನಿ ಹನಿಯಾಗಿ ಬಿಡಬೇಕು, ಇಲ್ಲವೇ ಟ್ಯೂಬಿನಲ್ಲಿ ನಿಧಾನವಾಗಿ ಇಳಿಸಬೇಕು. ಅವಸರ ಮಾಡಿದರೆ ಹಾಲು ಶ್ವಾಸಕೋಶಕ್ಕೆ ಹೋಗುತ್ತದೆ. ಕೈ ತೊಳೆದು, ಬಟ್ಟೆ ಬದಲಿಸಿ, ಹಾಲು ಕೊಟ್ಟು, ಬಾಯಿ ಒರೆಸಿ ಮಲಗಿಸಲು ಹದಿನೈದು ನಿಮಿಷ ಹಿಡಿಯಿರಿ. ಹನ್ನೆರಡು ಗಂಟೆಯಲ್ಲಿ ಆರು ಸಲ, ಅಂದರೆ ಒಂದು ಕೂಸಿಗೆ ತೊಂಬತ್ತು ನಿಮಿಷ. ಎಂಟು ಕೂಸಿಗೆ ಹನ್ನೆರಡು ಗಂಟೆ. ಪಾಳಿ ಹಾಲಿಗೇ ಮುಗಿಯಿತು. ಇಂಜೆಕ್ಷನ್, ಸಕ್ಕರೆ ಪರೀಕ್ಷೆ, ಉಸಿರಾಟಕ್ಕೆ ನೆರವಾಗುವ ಸಿಪ್ಯಾಪ್ ಯಂತ್ರದ ನಳಿಕೆ ಮೂಗಿನಿಂದ ಜಾರಿದೆಯೇ ಎಂದು ನೋಡುವುದು, ಕಾಮಾಲೆ ಇಳಿಯಲೆಂದು ಲೈಟಿಗೆ ಇಟ್ಟ ಕೂಸಿನ ಕಣ್ಣಪಟ್ಟಿ ಸರಿ ಮಾಡುವುದು, ಉಸಿರು ಮರೆತ ಕೂಸಿನ ಅಂಗಾಲಿಗೆ ಬೆರಳಿನಿಂದ ಚಿಟಿಕೆ ಹೊಡೆದು ನೆನಪಿಸುವುದು, ಹೊಸದಾಗಿ ಬಂದದ್ದನ್ನು ದಾಖಲಿಸುವುದು, ಬಾಗಿಲಲ್ಲಿ ಅಳುವ ತಂದೆಗೆ ಎರಡು ಮಾತು ಹೇಳುವುದು, ಇವೆಲ್ಲಕ್ಕೂ ಹದಿಮೂರನೆಯ ಗಂಟೆಯೊಂದು ಬೇಕು.

ಆ ಗಂಟೆ ಎಲ್ಲಿಂದ ತಂದೆವು ಎಂದರೆ, ನೋಡಬೇಕಾದ್ದನ್ನು ನೋಡದೆ ಬಿಟ್ಟು. ಮೂಲೆಯ ವಾರ್ಮರಿನ ಕೂಸಿಗೆ ಕೈಯ ನರದಲ್ಲಿ ಗ್ಲೂಕೋಸ್ ಹೋಗುತ್ತಿತ್ತು. ಗಂಟೆಗೊಮ್ಮೆ ಆ ಜಾಗ ನೋಡಲೇಬೇಕು. ಒಂದು ಗಂಟೆಗೆ ನೋಡಿದ್ದೆ. ಮತ್ತೆ ನೋಡಿದಾಗ ನಾಲ್ಕೂವರೆ. ಸೂಜಿ ನರ ಬಿಟ್ಟು ಹೊರಬಂದಿತ್ತು, ಪಂಪ್ ತನ್ನ ಪಾಡಿಗೆ ತಳ್ಳುತ್ತಲೇ ಇತ್ತು. ಮುಂಗೈ ಊದಿ, ಬಿಗಿದು, ಲೈಟಿನ ಕೆಳಗೆ ಹೊಳೆಯುತ್ತಿತ್ತು. ಕೂಸು ಅಳುತ್ತಿರಲಿಲ್ಲ; ಅಳುವಷ್ಟು ತ್ರಾಣ ಇರಲಿಲ್ಲ. ಕೈ ಉಳಿಯಿತು. ನಾಲ್ಕಾಣೆಯಷ್ಟಗಲದ ಸುಕ್ಕಿನ ಕಲೆಯೂ ಉಳಿಯಿತು. ತಿಂಗಳ ಮೇಲೆ ತೋರಿಸಲು ಬಂದ ತಾಯಿ ಕೇಳಿದಳು: "ಸಿಸ್ಟರ್, ಇದು ಹುಟ್ಟಿನಿಂದ ಬಂದದ್ದೇನ್ರಿ?"

"ಇಲ್ಲವ್ವ, ನಮ್ಮ ಕೈಯಾಗ ಆದದ್ದು," ಎಂದೆ.

ಆಕೆ ಏನೂ ಅನ್ನಲಿಲ್ಲ. ಕೂಸಿನ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಬೈದಿದ್ದರೆ ಒಳ್ಳೆಯದಿತ್ತು.

ಇನ್ನೂ ಒಂದು ಒಪ್ಪಿಕೊಳ್ಳಬೇಕು. ಆ ರಾತ್ರಿಯ ಚಾರ್ಟ್ ತೆರೆದರೆ ಎಲ್ಲವೂ ಅಚ್ಚುಕಟ್ಟಾಗಿದೆ. ಎರಡೆರಡು ಗಂಟೆಗೆ ಉಷ್ಣತೆ, 36.6, 36.7, 36.6. ಅಕ್ಷರ ನನ್ನದೇ. ಬೆಳಿಗ್ಗೆ ಆರೂವರೆಗೆ ಒಂದೇ ಪೆನ್ನಿನಲ್ಲಿ, ಒಂದೇ ಉಸಿರಿಗೆ ಕೂತು ತುಂಬಿದ್ದು. ಚಾರ್ಟ್ ಖಾಲಿ ಬಿಟ್ಟರೆ ಕಾರಣ ಕೇಳಿ ನೋಟಿಸ್ ಬರುತ್ತದೆ, ತುಂಬಿದರೆ ಯಾರೂ ಕೇಳುವುದಿಲ್ಲ. ರಾಜಧಾನಿಗೆ ತಲುಪುವ ನಿಮ್ಮ ಅಂಕಿಗಳಲ್ಲಿ ಇಂಥ ಬೆಳಗಿನ ಜಾವದ ಅಂಕಿಗಳು ಎಷ್ಟಿವೆಯೋ. ಇದನ್ನು ಬರೆಯುವಾಗ ನನಗೆ ನಾಚಿಕೆಯಾಗುತ್ತಿದೆ, ಆದರೆ ಬರೆಯದೆ ಈ ಪತ್ರಕ್ಕೆ ಅರ್ಥವಿಲ್ಲ.

ಅದರ ಮುಂದಿನ ವಾರ ಏನಾಯಿತು ಕೇಳಿ. ಮಕ್ಕಳು ಇಳಿಯುತ್ತಾ ಬಂದು ಒಂದು ದಿನ ಐದೇ ಉಳಿದವು. ಹನ್ನೊಂದು ಗಂಟೆಗೆ ಆಫೀಸಿನಿಂದ ಫೋನು: "ಐದು ಮಕ್ಕಳಿಗೆ ಮೂರು ಮಂದಿ ಯಾಕ್ರಿ? ಒಬ್ಬರನ್ನ ಕ್ಯಾಜುವಾಲ್ಟಿಗೆ ಕಳಸ್ರಿ." ಹೋದವರು ಮೂರು ತಿಂಗಳಾದರೂ ಮರಳಿ ಬರಲಿಲ್ಲ. ನವಜಾತ ಶಿಶು ಆರೈಕೆಯ ತರಬೇತಿ ನಾಲ್ಕು ದಿನದ ಪಾಠ ಮತ್ತು ಎರಡು ವಾರ ದೊಡ್ಡ ಕೇಂದ್ರದಲ್ಲಿ ನಿಂತು ಕಲಿಯುವುದು. ಅದರ ಮೇಲೆ ಕೈ ಪಳಗಲು ವರ್ಷ ಬೇಕು. ಕೂದಲೆಳೆಯಂಥ ನರ ಹುಡುಕಲು ಕಲಿತ ಕೈಗಳು ಈಗ ಕ್ಯಾಜುವಾಲ್ಟಿಯಲ್ಲಿ ಎಂಎಲ್‌ಸಿ, ಅಂದರೆ ಪೊಲೀಸ್ ಕೇಸುಗಳ ರಿಜಿಸ್ಟರ್ ಬರೆಯುತ್ತಿವೆ. ಕ್ಯಾಜುವಾಲ್ಟಿಗೂ ನರ್ಸ್ ಬೇಕು, ಇಲ್ಲ ಎನ್ನುವುದಿಲ್ಲ. ಆದರೆ ಐದು ಮಕ್ಕಳಿದ್ದ ದಿನ ನಾವು ಸುಮ್ಮನೆ ಕೂತಿರುತ್ತೇವೆ ಎಂದು ತಿಳಿದದ್ದೇ ತಪ್ಪು. ಕೆರೆಯ ಹೂಳು ತೆಗೆಯುವುದು ನೀರು ಇಳಿದಾಗಲೇ. ವಾರ್ಮರ್ ಬಿಚ್ಚಿ ತೊಳೆಯುವುದು, ಪಂಪ್ ಪರೀಕ್ಷೆ, ಹೊಸ ಹುಡುಗಿಗೆ ಕೆಲಸ ಕಲಿಸುವುದು, ತಾಯಂದಿರನ್ನು ಕೂರಿಸಿ ಹಾಲು ಹಿಂಡುವುದು ಹೇಗೆ, ಎದೆಗವಚುವುದು ಹೇಗೆ ಎಂದು ತೋರಿಸುವುದು, ಎಲ್ಲ ಆ ದಿನಗಳ ಕೆಲಸ.

ನನ್ನ ತಮ್ಮ ಪಿಯು ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಕಲಿಸುತ್ತಾನೆ. ಅವನ ಮುಂದೆ ಇದನ್ನೆಲ್ಲ ಹೇಳಿದಾಗ ಅವನಿಗೆ ಆಶ್ಚರ್ಯವೇ ಆಗಲಿಲ್ಲ. ಒಂದಕ್ಕೊಂದು ಸಂಬಂಧವಿಲ್ಲದೆ ಬರುವ ಸಂಗತಿಗಳನ್ನು ಎಣಿಸಲು ಪಾಯಿಸಾನ್ ಎಂಬ ಫ್ರೆಂಚ್ ಗಣಿತಜ್ಞನ ಹೆಸರಿನ ಒಂದು ಸೂತ್ರವಿದೆಯಂತೆ. ಸರಾಸರಿ 12 ಮಕ್ಕಳಿರುವ ಘಟಕದಲ್ಲಿ, ಯಾರ ತಪ್ಪೂ ಇಲ್ಲದೆ, ಬರೀ ಕಾಕತಾಳೀಯದಿಂದಲೇ ವರ್ಷದಲ್ಲಿ ಸುಮಾರು 57 ದಿನ 16 ಅಥವಾ ಅದಕ್ಕಿಂತ ಹೆಚ್ಚು ಮಕ್ಕಳಿರುತ್ತಾರೆ. ಹೆಚ್ಚುಕಡಿಮೆ ಅಷ್ಟೇ ದಿನ 8 ಅಥವಾ ಅದಕ್ಕಿಂತ ಕಡಿಮೆ. 18 ದಾಟುವ ಇಲ್ಲವೇ ಮುಟ್ಟುವ ದಿನಗಳು 23ರಷ್ಟು. ನಿಜ ಜೀವನದಲ್ಲಿ ಏರಿಳಿತ ಇದಕ್ಕೂ ಜಾಸ್ತಿ, ಏಕೆಂದರೆ ಅವಳಿ ಜೊತೆಯಾಗೇ ಬರುತ್ತವೆ, ಚಳಿಗಾಲದಲ್ಲಿ ಮೈ ತಣ್ಣಗಾದ ಕೂಸುಗಳು ಸಾಲಾಗಿ ಬರುತ್ತವೆ, ರವಿವಾರ ಮತ್ತು ಹಬ್ಬದ ದಿನ ಬೇರೆ ಆಸ್ಪತ್ರೆಗಳು ಕೈ ಚೆಲ್ಲಿದಾಗ ಎಲ್ಲವೂ ನಮ್ಮ ಬಾಗಿಲಿಗೇ. "ಅಕ್ಕಾ, ಅನಿರೀಕ್ಷಿತ ಅಂತಾರಲ್ಲ ನಿಮ್ಮ ಆಫೀಸಿನವರು, ಅದರಾಗ ಅನಿರೀಕ್ಷಿತ ಏನೂ ಇಲ್ಲ," ಎಂದ. ಯಾವ ರಾತ್ರಿ ಎಂಬುದು ಗೊತ್ತಿಲ್ಲ, ಅಷ್ಟೇ. ಇಂಥ ರಾತ್ರಿಗಳು ಇಷ್ಟು ಬರುತ್ತವೆ ಎಂಬುದು ಜನವರಿ ಒಂದನೇ ತಾರೀಖಿಗೇ ಗೊತ್ತು.

ಸರ್ಕಾರಕ್ಕೆ ತಿಳಿವಳಿಕೆ ಇಲ್ಲವೆಂದು ನಾನು ಹೇಳುತ್ತಿಲ್ಲ. ಕೇಂದ್ರದ 2011ರ ಮಾರ್ಗಸೂಚಿಯಲ್ಲೇ ವರ್ಷಕ್ಕೆ 3,000ಕ್ಕೂ ಹೆಚ್ಚು ಹೆರಿಗೆಯಾಗುವ ಆಸ್ಪತ್ರೆಗೆ ಕನಿಷ್ಠ 12 ಹಾಸಿಗೆಯ ಘಟಕ, ಪ್ರತಿ ಪಾಳಿಯಲ್ಲಿ ಮೂರು ನಾಲ್ಕು ಹಾಸಿಗೆಗೆ ಒಬ್ಬ ನರ್ಸ್ ಎಂದಿದೆ. ಗಮನಿಸಿ, ಎಣಿಸಿರುವುದು ಹಾಸಿಗೆಯನ್ನು. ಹಾಸಿಗೆ ಇದ್ದಲ್ಲೇ ಇರುತ್ತದೆ, ಮಕ್ಕಳು ಇರುವುದಿಲ್ಲ. ಬ್ರಿಟನ್ನಿನ ನವಜಾತ ಶಿಶು ತಜ್ಞರ ಸಂಘ ಕೂಸಿನ ಸ್ಥಿತಿಯನ್ನು ಎಣಿಸುತ್ತದೆ: ತೀವ್ರ ನಿಗಾದಲ್ಲಿರುವ ಒಂದು ಕೂಸಿಗೆ ಒಬ್ಬ ನರ್ಸ್, ಅದಕ್ಕಿಂತ ಒಂದು ಮೆಟ್ಟಿಲು ಕೆಳಗಿನ ಇಬ್ಬರಿಗೆ ಒಬ್ಬರು, ಸಾಮಾನ್ಯ ವಿಶೇಷ ಆರೈಕೆಯ ನಾಲ್ವರಿಗೆ ಒಬ್ಬರು. ಅಲ್ಲೂ ಅದು ಎಲ್ಲ ದಿನ ಪಾಲನೆಯಾಗುವುದಿಲ್ಲ, ಆದರೆ ತಪ್ಪಿದಾಗ ತಪ್ಪಿತೆಂದು ಲೆಕ್ಕವಾದರೂ ಸಿಗುತ್ತದೆ. ಅದೇ ದೇಶದ 54 ಘಟಕಗಳನ್ನು ನೋಡಿ 2002ರಲ್ಲಿ ಪ್ರಕಟವಾದ ಅಧ್ಯಯನವೊಂದು, ಘಟಕದಲ್ಲಿ ಕೆಲಸದ ಹೊರೆ ಏರಿದಷ್ಟೂ ಸಾವಿನ ಅಪಾಯ ಏರುತ್ತದೆ ಎಂದು ಹೇಳಿತು. ಅದಕ್ಕೂ ಇಪ್ಪತ್ತು ವರ್ಷ ಮೊದಲು, 1982ರಲ್ಲಿ, ಅಮೆರಿಕದ ಒಂದು ಘಟಕದಲ್ಲಿ ಮತ್ತೆ ಮತ್ತೆ ಸ್ಟಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾದ ಸೋಂಕು ಹರಡುತ್ತಿದ್ದ ಕಾರಣ ಹುಡುಕಿದವರಿಗೆ ಸಿಕ್ಕಿದ್ದು ಇದು: ಒಬ್ಬ ನರ್ಸ್‌ಗೆ ಏಳಕ್ಕಿಂತ ಹೆಚ್ಚು ಮಕ್ಕಳು ಬಿದ್ದ ದಿನಗಳ ನಂತರ ಸೋಂಕು ಗುಂಪಾಗಿ ಕಾಣಿಸಿಕೊಳ್ಳುವುದು 16 ಪಟ್ಟು ಹೆಚ್ಚು. ನಮ್ಮ ಆ ರಾತ್ರಿಯ ತಲಾ ಎಂಟು ನೆನಪಿಸಿಕೊಳ್ಳಿ. ಕೈ ತೊಳೆಯಿರಿ ಎಂಬ ಪೋಸ್ಟರ್ ನಮ್ಮ ಗೋಡೆಯ ಮೇಲೆ ಮೂರು ಇವೆ. ಕೈ ತೊಳೆಯುವುದಕ್ಕೆ ಬೇಕಾದದ್ದು ಪೋಸ್ಟರ್ ಅಲ್ಲ, ಪುರುಸೊತ್ತು.

ಆಮ್ಲಜನಕದ ಮಾತೂ ಇಷ್ಟೇ. ಆಮ್ಲಜನಕ ಕೊಡುತ್ತಿರುವ ದಿನ ತುಂಬದ ಕೂಸಿನ ರಕ್ತದಲ್ಲಿ ಅದು ಶೇ 90ರಿಂದ 95ರ ನಡುವೆ ಇರಬೇಕು. ಕಡಿಮೆಯಾದರೆ ಮಾನಿಟರ್ ಕೂಗುತ್ತದೆ, ಓಡುತ್ತೇವೆ. ಹೆಚ್ಚಾದರೂ ಕೂಗುತ್ತದೆ, ಆದರೆ ಕೂಸು ಗುಲಾಬಿ ಬಣ್ಣಕ್ಕೆ ಚೆನ್ನಾಗಿ ಕಾಣುತ್ತಿರುತ್ತದೆ, ಹೊರೆ ಇದ್ದ ರಾತ್ರಿ "ಆಮೇಲೆ ನೋಡೋಣ" ಎನಿಸುತ್ತದೆ. ಆ ಆಮೇಲೆಯ ಬೆಲೆ ಕಣ್ಣು. ಹೆಚ್ಚು ಆಮ್ಲಜನಕ ಎಳೆ ಕಣ್ಣಿನ ಅಕ್ಷಿಪಟಲವನ್ನು ಕೆಡಿಸುತ್ತದೆ. ಇಂಥ ಮಕ್ಕಳನ್ನು ಹುಡುಕಿ ಕಣ್ಣು ಉಳಿಸಲು ನಮ್ಮ ರಾಜ್ಯದಲ್ಲೇ 2008ರಲ್ಲಿ ಕಿಡ್‌ರಾಪ್ ಯೋಜನೆ ಹುಟ್ಟಿತು. ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳಿಗೆ ಬಂದು ಫೋಟೋ ತೆಗೆದು, ದೂರದಲ್ಲಿ ಕೂತ ತಜ್ಞರಿಗೆ ತೋರಿಸುತ್ತಾರೆ. ದೇಶಕ್ಕೇ ಮಾದರಿಯಾದ ಕೆಲಸ. ಕೆಟ್ಟ ಮೇಲೆ ಹುಡುಕಲು ಇಷ್ಟು ಜಾಣತನ ತೋರಿದ ರಾಜ್ಯ, ಕೆಡದಂತೆ ಆಮ್ಲಜನಕದ ಗುಂಡಿ ತಿರುಗಿಸಲು ಒಬ್ಬರನ್ನು ಹೆಚ್ಚಿಗೆ ಕೊಡಲಾರದೇ?

2024ರ ನವೆಂಬರ್ 15ರ ರಾತ್ರಿ ಝಾನ್ಸಿಯ ವೈದ್ಯಕೀಯ ಕಾಲೇಜಿನ ಶಿಶು ಘಟಕಕ್ಕೆ ಬೆಂಕಿ ಬಿದ್ದು ಹತ್ತು ಹಸುಗೂಸುಗಳು ಅಂದೇ ಹೋದವು. ಬೆಂಕಿಯ ಕಾರಣ, ಉಪಕರಣ, ಬಾಗಿಲು ಎಂದೆಲ್ಲ ಚರ್ಚೆಯಾಯಿತು. ನಮ್ಮ ಘಟಕದ ಟೀ ಕೋಣೆಯಲ್ಲಿ ಆ ಸುದ್ದಿ ಓದಿದ ನಮಗೆಲ್ಲ ಕಣ್ಣು ನಿಂತದ್ದು ಬೇರೆ ಸಾಲಿನ ಮೇಲೆ: 18 ಮಕ್ಕಳ ಜಾಗದಲ್ಲಿ 49 ಮಕ್ಕಳಿದ್ದರು. ಯಾರೂ ಮಾತಾಡಲಿಲ್ಲ. ಕೈಯಲ್ಲಿ ಇಬ್ಬಿಬ್ಬರನ್ನು ಎತ್ತಿಕೊಂಡು ಓಡಿದರೂ ಎಷ್ಟು ಸಲ ಒಳಗೆ ಹೋಗಿಬರಬೇಕು ಎಂದು ಎಲ್ಲರೂ ಮನಸ್ಸಿನಲ್ಲೇ ಎಣಿಸುತ್ತಿದ್ದೆವು.

ಈಗ ಕೇಳಬೇಕಾದ್ದನ್ನು ಕೇಳುತ್ತೇನೆ. ಮೊದಲನೆಯದಕ್ಕೆ ಒಂದು ಪೈಸೆಯೂ ಬೇಡ. ತಿಂಗಳ ಸರಾಸರಿ ಕೇಳುವುದನ್ನು ನಿಲ್ಲಿಸಿ. ಪ್ರತಿ ಪಾಳಿಯ ಆರಂಭದಲ್ಲಿ ಎಷ್ಟು ಮಕ್ಕಳು, ಎಷ್ಟು ನರ್ಸ್ ಎಂದು ಎರಡು ಅಂಕಿ ಬರೆಯಿಸಿ. ತಿಂಗಳ ಕೊನೆಗೆ, ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಮಕ್ಕಳು ಬಿದ್ದ ಪಾಳಿ ಎಷ್ಟು ಎಂದು ಕೇಳಿ. ಆ ಒಂದು ಸಂಖ್ಯೆ ಪರದೆಯ ಮೇಲೆ ಬಂದರೆ ಇನ್‌ಚಾರ್ಜ್ ಸಿಸ್ಟರ್ ಬಾಯಿ ತೆರೆಯುವ ಅಗತ್ಯವೇ ಬೀಳುವುದಿಲ್ಲ.

ಎರಡನೆಯದಕ್ಕೆ ದುಡ್ಡು ಬೇಕು. ಸರಾಸರಿ 12 ಮಕ್ಕಳಿರುವಲ್ಲಿ 16 ಮಕ್ಕಳಿಗೆ ಬೇಕಾದಷ್ಟು ನರ್ಸ್‌ಗಳನ್ನು ಕೊಡಿ, ಅಂದರೆ ಪಾಳಿಗೆ ನಾಲ್ವರು. ಅದಕ್ಕೆ ಹುದ್ದೆ ಎಷ್ಟು? ಒಬ್ಬ ನರ್ಸ್ ಹಗಲೂ ರಾತ್ರಿ ಇರಬೇಕೆಂದರೆ ವಾರಕ್ಕೆ 168 ಗಂಟೆ. ವಾರದ ರಜೆ, ನೈಟ್ ಆಫ್, ಸಿಎಲ್, ತರಬೇತಿ, 180 ದಿನದ ಹೆರಿಗೆ ರಜೆ ಎಲ್ಲ ಕಳೆದರೆ ಒಬ್ಬರು ವಾರಕ್ಕೆ ನಿಜವಾಗಿ ಸಿಗುವುದು ನನ್ನ ಲೆಕ್ಕದಲ್ಲಿ ಸರಾಸರಿ 36 ಗಂಟೆ. (ನೋಡಿ, ಸರಾಸರಿಯನ್ನು ನಾನೂ ಬಳಸುತ್ತೇನೆ, ಕೂಡಿಸಿ ಹಂಚಲು ಬರುವಂಥ ಕಡೆ.) ಪಾಳಿಗೆ ಮೂವರು ಎಂದರೆ 14 ಹುದ್ದೆ, ನಾಲ್ವರು ಎಂದರೆ 19. ಮಾರ್ಗಸೂಚಿಯ 10-12 ಹುದ್ದೆಯಲ್ಲಿ ಪಾಳಿಗೆ ಮೂವರನ್ನು ನಿಲ್ಲಿಸಬೇಕಾದರೆ ನಾವ್ಯಾರೂ ಹೆರಬಾರದು, ಜ್ವರ ಬರಬಾರದು. 2025ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ತಿಂಗಳಿಗೊಂದು ಮುಟ್ಟಿನ ರಜೆಗೆ ಒಪ್ಪಿಗೆ ಕೊಟ್ಟಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಸಂತೋಷವೂ ಆಯಿತು, ನಗುವೂ ಬಂತು. ಇರುವವರೆಲ್ಲ ಹೆಣ್ಣುಮಕ್ಕಳೇ ಆದ ಘಟಕದಲ್ಲಿ ಆ ರಜೆ ಕೇಳುವ ಧೈರ್ಯ ಯಾರಿಗಿದೆ? ಕೇಳಿದರೆ ಪಕ್ಕದವಳ ಪಾಲಿಗೆ ಇನ್ನಾರು ಕೂಸು.

ಹತ್ತೊಂಬತ್ತು ಕೊಟ್ಟರೂ ಹದಿನೆಂಟು ಇಪ್ಪತ್ತು ಮಕ್ಕಳಾಗುವ ರಾತ್ರಿಗಳು ಬಂದೇ ಬರುತ್ತವೆ. ಅದಕ್ಕೆ ಹೆರಿಗೆ ವಾರ್ಡ್, ಮಕ್ಕಳ ವಾರ್ಡುಗಳಲ್ಲಿ ಈ ತರಬೇತಿ ಪಡೆದವರ ಪಟ್ಟಿಯೊಂದು ಗೋಡೆಯ ಮೇಲಿರಲಿ, ಹದಿನೇಳನೆಯ ಕೂಸು ಒಳಬಂದಾಗ ಯಾರ ಅಪ್ಪಣೆಗೂ ಕಾಯದೆ ಅವರನ್ನು ಕರೆಸುವ ಅಧಿಕಾರ ಪಾಳಿಯ ಹಿರಿಯ ನರ್ಸ್‌ಗೆ ಇರಲಿ, ಬಂದವರಿಗೆ ಆ ರಾತ್ರಿಯ ಭತ್ಯೆ ಸಿಗಲಿ. ಹಾಗೆಯೇ ಮಕ್ಕಳು ಕಡಿಮೆ ಇದ್ದ ದಿನ ನಮ್ಮವರನ್ನು ಕರೆದೊಯ್ದರೆ ಅದೇ ಪಾಳಿಯ ಕೊನೆಗೆ ಮರಳಿಸಬೇಕೆಂಬ ಲಿಖಿತ ಆದೇಶ ಇರಲಿ. ಹೋಗಿ ಬರಲು ನಮಗೆ ತಕರಾರಿಲ್ಲ, ಹೋಗಿ ಅಲ್ಲೇ ಉಳಿಯುವುದಕ್ಕೆ ತಕರಾರು.

ಅಕ್ಕಪಕ್ಕದ ಜಿಲ್ಲೆಗಳು ಸೇರಿಕೊಂಡರೆ ಇನ್ನೂ ಹಗುರ. ತಮ್ಮನ ಲೆಕ್ಕದ ಪ್ರಕಾರ 12ರ ಒಂದು ಘಟಕದಲ್ಲಿ ಏರಿಳಿತ ಸರಾಸರಿಯ ಶೇ 29ರಷ್ಟಿದ್ದರೆ, ಅಂಥ ನಾಲ್ಕನ್ನು ಒಂದಾಗಿ ನೋಡಿದರೆ ಶೇ 14ಕ್ಕೆ ಇಳಿಯುತ್ತದೆ. ಒಂದು ಕಡೆ ಉಕ್ಕಿದ ರಾತ್ರಿ ಇನ್ನೊಂದು ಕಡೆ ತೆರವಿರುತ್ತದೆ. ಯಾವ ಘಟಕದಲ್ಲಿ ಈಗ ಎಷ್ಟು ಮಕ್ಕಳು, ಎಷ್ಟು ನರ್ಸ್ ಎಂಬುದು 108ರವರ ಮೊಬೈಲಿನಲ್ಲಿ ಕಾಣಬೇಕು. ಹುಟ್ಟಿದ ಮೇಲೆ ಒಂದು ಕೆಜಿಯ ಕೂಸನ್ನು ತಣ್ಣನೆಯ ವಾಹನದಲ್ಲಿ ಅರವತ್ತು ಕಿಲೋಮೀಟರ್ ಒಯ್ಯುವುದಕ್ಕಿಂತ, ತಿಂಗಳು ತುಂಬುವ ಮೊದಲೇ ನೋವು ಬಂದ ಬಸುರಿಯನ್ನೇ ಸರಿಯಾದ ಆಸ್ಪತ್ರೆಗೆ ಒಯ್ಯುವುದು ಲೇಸು. ತಾಯಿಯ ಹೊಟ್ಟೆಗಿಂತ ಬೆಚ್ಚಗಿನ ಆಂಬುಲೆನ್ಸ್ ಇನ್ನೂ ಬಂದಿಲ್ಲ.

ತಾಯಂದಿರನ್ನು ಒಳಗೆ ಬಿಡಿ ಎಂದೂ ಈಚೆಗೆ ಹೇಳುತ್ತಾರೆ. ಅದು ಸರಿಯೇ. ಕೊಪ್ಪಳ ಜಿಲ್ಲೆಯಲ್ಲಿ ಕೂಸನ್ನು ಎದೆಗವಚಿಕೊಳ್ಳುವ ಕಾಂಗರೂ ಆರೈಕೆಯನ್ನು ಜಿಲ್ಲೆಯಾದ್ಯಂತ ಮಾಡಿ ತೋರಿಸಿದ್ದಾರೆ, ನಾನೂ ಕಣ್ಣಾರೆ ಕಂಡಿದ್ದೇನೆ, ಎದೆಗೆ ಹಾಕಿಕೊಂಡ ಹತ್ತು ನಿಮಿಷಕ್ಕೆ ಏದುಸಿರು ಸಮವಾಗುವುದನ್ನು. ಪಶ್ಚಿಮ ಬಂಗಾಳದ ಪುರುಲಿಯಾದಲ್ಲಿ 2003ರಲ್ಲಿ ನಮ್ಮಂಥದೇ ಶಿಶು ಘಟಕ ಶುರುವಾದಾಗ ಸ್ಥಳೀಯ ಹುಡುಗಿಯರಿಗೆ ತರಬೇತಿ ಕೊಟ್ಟು ಸಹಾಯಕಿಯರನ್ನಾಗಿ ಮಾಡಿಕೊಂಡಿದ್ದರು. ಹಾಲು, ಸ್ವಚ್ಛತೆಯ ಕೆಲಸಕ್ಕೆ ಅಂಥವರು ಸಿಕ್ಕರೆ ನಾವು ಬೇಡವೆನ್ನುವುದಿಲ್ಲ. ಆದರೆ ಸಿಸೇರಿಯನ್ ಆಗಿ ಎರಡು ದಿನವಾದ ಬಾಣಂತಿಯನ್ನು ಖಾಲಿ ಹುದ್ದೆಯ ಜಾಗಕ್ಕೆ ಕೂರಿಸಿದಂತೆ ಆಗಬಾರದು. ಆಕೆಗೂ ನೋಡಿಕೊಳ್ಳುವವರು ಬೇಕು.

ಗುತ್ತಿಗೆಯ ಹುಡುಗಿಯರ ಬಗ್ಗೆ ಒಂದು ಸಾಲು: ಕಲಿಸಿ ಮುಗಿಯುವ ಹೊತ್ತಿಗೆ ಕಾಯಂ ನೌಕರಿ ಸಿಕ್ಕಲ್ಲಿಗೆ ಹೋಗಿಬಿಡುತ್ತಾರೆ, ಅವರನ್ನು ದೂರುವ ಮನಸ್ಸು ನನಗಿಲ್ಲ. ಆ ರಾತ್ರಿ ನನ್ನ ಜೊತೆಗಿದ್ದವಳೂ ಹೋದಳು.

ನಮ್ಮ ಘಟಕಕ್ಕೆ ಹಿಂದೊಮ್ಮೆ ರಾಜ್ಯದ ತಂಡ ಭೇಟಿ ಕೊಟ್ಟಿತ್ತು. ಅಂದು ಆರು ಜನ ನರ್ಸ್‌ಗಳಿದ್ದೆವು. ಇಬ್ಬರು ಥಿಯೇಟರಿನಿಂದ ಬಂದವರು, ಅವರಿಗೆ ವಾರ್ಮರಿನ ಸ್ವಿಚ್ ಎಲ್ಲಿದೆ ಎಂದೂ ಗೊತ್ತಿರಲಿಲ್ಲ. ತಾವು ಬರುವುದಾದರೆ ಹೇಳದೆ ಬನ್ನಿ. ರವಿವಾರ ರಾತ್ರಿ ಎರಡರ ಮೇಲೆ ಬನ್ನಿ. ಹೊರಗೆ ಚಪ್ಪಲಿ ಬಿಟ್ಟು, ಮೊಣಕೈವರೆಗೆ ಕೈ ತೊಳೆದು ಒಳಗೆ ಬಂದರೆ ಸಾಕು. ಎದ್ದು ನಿಂತು ನಮಸ್ಕಾರ ಹೇಳಲಿಲ್ಲವೆಂದು ಬೇಸರಿಸಬೇಡಿ. ಕೈಯಲ್ಲಿ ಪಾಲಾಡೆ ಇರುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಜಿಲ್ಲಾಸ್ಪತ್ರೆಯ ಒಬ್ಬ ನರ್ಸ್